ಇನ್‌ಬಾಕ್ಸ್ ಹಸನು ಮಾಡುವ ಕ್ರಮ: ಬೇಡದ ಮೇಲ್‌ಗಳನ್ನು ಮೂಲದಲ್ಲೇ ನಿಲ್ಲಿಸುವುದು

ಬಾಗಲಕೋಟೆಯ ನವನಗರದಲ್ಲಾಗಲಿ, ಬೆಳಗಾವಿಯ ಟಿಳಕವಾಡಿಯಲ್ಲಾಗಲಿ, ಅರ್ಜಿ ತುಂಬಿಕೊಡುವ ಯಾವುದೇ ಆನ್‌ಲೈನ್ ಸೆಂಟರ್‌ನಲ್ಲಿ ಸ್ವಲ್ಪ ಹೊತ್ತು ಕುಳಿತರೆ "ಮೇಲ್ ಬಂದೇ ಇಲ್ರೀ ಸರ" ಎಂಬ ಮಾತು ಕಿವಿಗೆ ಬೀಳದೇ ಇರುವುದಿಲ್ಲ. ಫೋನು ಇಸಿದುಕೊಂಡು ನೋಡಿದರೆ ಹೆಚ್ಚಿನ ಸಲ ಮೇಲ್ ಬಂದಿರುತ್ತದೆ. ಬಟ್ಟೆ ಅಂಗಡಿಯ ರಿಯಾಯಿತಿ, ಕೋಚಿಂಗ್ ಸಂಸ್ಥೆಯ ಪ್ರಚಾರ, ಹಿಂದೆಂದೋ ಒಮ್ಮೆ ಟಿಕೆಟ್ ಕಾಯ್ದಿರಿಸಿದ ಆ್ಯಪ್‌ನ ಕೊಡುಗೆ, ಇವುಗಳ ನಡುವೆ ಎಲ್ಲೋ ಸಂದರ್ಶನದ ಪತ್ರವೋ ಬ್ಯಾಂಕಿನ ಸೂಚನೆಯೋ ಓದದೆ ಬಿದ್ದಿರುತ್ತದೆ. ಆದ್ದರಿಂದ ಇನ್‌ಬಾಕ್ಸ್ ಹಸನು ಮಾಡುವುದೆಂದರೆ ಓದದ ಮೇಲ್‌ಗಳ ಸಂಖ್ಯೆಯನ್ನು ಸೊನ್ನೆಗೆ ತರುವುದು ಎಂದು ತಿಳಿಯಬೇಕಾಗಿಲ್ಲ. ನಿಜವಾಗಿ ಬೇಕಾದ ಕೆಲವೇ ಮೇಲ್‌ಗಳು ಕಣ್ತಪ್ಪದಂತೆ ನೋಡಿಕೊಂಡರೆ ಸಾಕು. ಓದದವು ಏಳು ಸಾವಿರ ಉಳಿದಿದ್ದರೂ ಅದರಿಂದ ಯಾರಿಗೂ ನಷ್ಟವಿಲ್ಲ.

ನಮ್ಮ ಕಡೆ ಬಹುತೇಕರು ಬಳಸುವುದು ಜಿಮೇಲ್ ಆಗಿರುವುದರಿಂದ ಇಲ್ಲಿನ ವಿವರಣೆ ಅದನ್ನೇ ಅನುಸರಿಸುತ್ತದೆ. ಪರದೆಯ ಮೇಲೆ ಕಾಣುವ ಗುಂಡಿಗಳ ಹೆಸರುಗಳನ್ನು, ಹೆಚ್ಚಿನವರ ಫೋನಿನಲ್ಲಿರುವಂತೆ, ಇಂಗ್ಲಿಷ್ ಉಚ್ಚಾರದಲ್ಲೇ ಕೊಟ್ಟಿದ್ದೇನೆ.

ಅಳಿಸುವ ಮೊದಲು ನಿಲ್ಲಿಸಬೇಕು

ಬಹಳ ಮಂದಿ ಭಾನುವಾರ ಬಿಡುವು ಮಾಡಿಕೊಂಡು ಒಂದೊಂದೇ ಮೇಲ್ ಅಳಿಸುತ್ತ ಕೂರುತ್ತಾರೆ. ಮುಂದಿನ ಭಾನುವಾರಕ್ಕೆ ಅಷ್ಟೇ ಮೇಲ್‌ಗಳು ಮತ್ತೆ ಬಂದು ಕೂತಿರುತ್ತವೆ. ಮಳೆ ಸುರಿಯುತ್ತಿರುವಾಗಲೇ ಅಂಗಳ ಗುಡಿಸಿದಂತಹ ಕೆಲಸವಿದು. ಬರುವುದನ್ನು ಮೊದಲು ನಿಲ್ಲಿಸಿ ಹಳೆಯದನ್ನು ಆಮೇಲೆ ಅಳಿಸಬೇಕು. ನಿಲ್ಲಿಸುವುದಕ್ಕೂ ಮುಂಚೆ, ಬಂದಿರುವ ಮೇಲ್ ಯಾವ ಬಗೆಯದು ಎಂದು ಗುರುತಿಸಿಕೊಳ್ಳಬೇಕು. ಬಗೆ ಬೇರೆಯಾದರೆ ಮಾಡಬೇಕಾದ ಕೆಲಸವೂ ಬೇರೆ.

ಮೊದಲನೆಯ ಬಗೆ, ನಾವೇ ಎಲ್ಲೋ ವಿಳಾಸ ಕೊಟ್ಟಿದ್ದರಿಂದ ಬರುವ ಪ್ರಚಾರದ ಮೇಲ್‌ಗಳು. ಆ್ಯಪ್ ಹಾಕಿಕೊಳ್ಳುವಾಗ ಅಥವಾ ಬಿಲ್ ಮಾಡಿಸುವಾಗ, ಮೊದಲೇ ಟಿಕ್ ಆಗಿದ್ದ ಚೌಕವನ್ನು ಗಮನಿಸದೆ ಮುಂದೆ ಹೋಗಿರುತ್ತೇವೆ. ಇವುಗಳಿಗೆ ಅನ್‌ಸಬ್‌ಸ್ಕ್ರೈಬ್, ಅಂದರೆ ಇನ್ನು ಮೇಲ್ ಕಳುಹಿಸಬೇಡಿ ಎಂದು ತಿಳಿಸಿ ಚಂದಾ ಬಿಡುವುದು, ಸರಿಯಾದ ಉಪಾಯ. ಎರಡನೆಯ ಬಗೆಯವು ವ್ಯವಹಾರದ ಮೇಲ್‌ಗಳು: ಓಟಿಪಿ, ಖಾತೆಯ ಸ್ಟೇಟ್‌ಮೆಂಟ್, ವಿಮೆಯ ಕಂತಿನ ರಸೀದಿ, ಪರೀಕ್ಷೆಯ ಅರ್ಜಿ ಸಲ್ಲಿಕೆಯಾದ ಖಾತ್ರಿ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಿಂದ ಬರುವ, ರಿಟರ್ನ್ ಪರಿಶೀಲನೆಯ ಫಲ ತಿಳಿಸುವ 143(1) ಸೂಚನಾಪತ್ರ. ಇವುಗಳಲ್ಲಿ ಅನ್‌ಸಬ್‌ಸ್ಕ್ರೈಬ್ ಗುಂಡಿ ಸಾಮಾನ್ಯವಾಗಿ ಇರುವುದೇ ಇಲ್ಲ, ಇರಬೇಕಾಗಿಯೂ ಇಲ್ಲ. ಮೂರನೆಯ ಬಗೆ, ನಾವು ಎಂದೂ ವಿಳಾಸ ಕೊಡದವರಿಂದ ಬರುವ ಲಾಟರಿ, ಸಾಲ, ಕೆವೈಸಿ, ಪಾರ್ಸಲ್ ತಡೆಹಿಡಿಯಲಾಗಿದೆ ಎಂಬಂತಹ ಮೋಸದ ಮೇಲ್‌ಗಳು.

ಈ ಮೂರನೆಯ ಬಗೆಯ ಮೇಲ್‌ನ ಒಳಗಿರುವ ಅನ್‌ಸಬ್‌ಸ್ಕ್ರೈಬ್ ಲಿಂಕನ್ನು ಎಂದಿಗೂ ಒತ್ತಬಾರದು. ಒತ್ತಿದರೆ ಈ ವಿಳಾಸವನ್ನು ಒಬ್ಬ ಮನುಷ್ಯ ತೆರೆದು ಓದುತ್ತಾನೆ ಎಂಬ ಖಾತ್ರಿ ಕಳುಹಿಸಿದವನಿಗೆ ಸಿಗುತ್ತದೆ, ಇಲ್ಲವೇ ಪಾಸ್‌ವರ್ಡ್ ಕದಿಯುವ ಪುಟ ತೆರೆದುಕೊಳ್ಳುತ್ತದೆ. ಇಂಥವುಗಳಿಗೆ ರಿಪೋರ್ಟ್ ಸ್ಪ್ಯಾಮ್ ಒತ್ತಿ ಸುಮ್ಮನಾಗಬೇಕು. ಸ್ಪ್ಯಾಮ್‌ಗೆ, ಅಂದರೆ ಇಂಥ ಮೇಲ್‌ಗಳನ್ನು ಬೇರೆಯಾಗಿ ಇಡುವ ವಿಭಾಗಕ್ಕೆ, ಹೋದದ್ದು 30 ದಿನಗಳ ನಂತರ ತಾನಾಗಿಯೇ ಅಳಿದುಹೋಗುತ್ತದೆ. ಮೇಲ್‌ನಲ್ಲಿ ಕಾಣುವ ಹೆಸರನ್ನು ನಂಬಿ ಬಗೆ ನಿರ್ಧರಿಸಬಾರದು, ಏಕೆಂದರೆ ಆ ಜಾಗದಲ್ಲಿ ಬ್ಯಾಂಕಿನ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಹೆಸರಿನ ಕೆಳಗಿನ ಸಣ್ಣ ಬಾಣವನ್ನು ಒತ್ತಿ, ಪೂರ್ತಿ ವಿಳಾಸದಲ್ಲಿ ಆ್ಯಟ್ ಚಿಹ್ನೆಯ ಬಲಕ್ಕೆ ಏನಿದೆ ಎಂಬುದನ್ನು ನೋಡಬೇಕು. ಒಂದು ವೇಳೆ ಲಿಂಕ್ ಒತ್ತಿ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ದಾಖಲಾದಷ್ಟೂ ಹಣವನ್ನು ನಡುವೆಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಅನ್‌ಸಬ್‌ಸ್ಕ್ರೈಬ್ ಮಾಡುವ ವಿಧಾನ

ಎಲ್ಲಕ್ಕಿಂತ ಸುಲಭದ ದಾರಿ ಜಿಮೇಲ್‌ನಲ್ಲಿ 2025ರ ಜುಲೈನಿಂದ ಬಂದಿರುವ ಮ್ಯಾನೇಜ್ ಸಬ್‌ಸ್ಕ್ರಿಪ್ಶನ್ಸ್ ಎಂಬ ಪುಟ. ಫೋನಿನಲ್ಲಿ ಎಡಮೇಲ್ತುದಿಯ ಮೂರು ಗೆರೆಗಳನ್ನು ಒತ್ತಿದರೆ, ಕಂಪ್ಯೂಟರಿನಲ್ಲಿ ಎಡಬದಿಯ ಪಟ್ಟಿಯಲ್ಲಿ ಮೋರ್ ಎಂಬುದನ್ನು ಬಿಚ್ಚಿದರೆ ಅದು ಸಿಗುತ್ತದೆ. ನಿಮಗೆ ನಿಯಮಿತವಾಗಿ ಮೇಲ್ ಕಳುಹಿಸುವವರ ಹೆಸರುಗಳು, ಹೆಚ್ಚು ಕಳುಹಿಸುವವರು ಮೇಲೆ ಬರುವಂತೆ, ಇತ್ತೀಚೆಗೆ ಬಂದ ಮೇಲ್‌ಗಳ ಸಂಖ್ಯೆಯ ಸಮೇತ ಅಲ್ಲಿರುತ್ತವೆ. ಪ್ರತಿ ಹೆಸರಿನ ಎದುರಿಗಿರುವ ಗುಂಡಿ ಒತ್ತಿದರೆ ನಿಮ್ಮ ಪರವಾಗಿ ಜಿಮೇಲ್ ಆ ಸಂಸ್ಥೆಗೆ ವಿನಂತಿ ಕಳುಹಿಸುತ್ತದೆ. ಪಟ್ಟಿ ಉದ್ದವಿದ್ದರೂ ಹೆದರಬೇಕಾಗಿಲ್ಲ. ಮೇಲಿನ ಹತ್ತು ಹನ್ನೆರಡು ಹೆಸರುಗಳನ್ನು ತೆಗೆದರೆ ಬರುವ ಮೇಲ್‌ಗಳ ದೊಡ್ಡ ಪಾಲು ಅಲ್ಲಿಗೇ ನಿಲ್ಲುತ್ತದೆ. ತಿಂಗಳಿಗೊಂದು ಕಳುಹಿಸುವವರ ಬೆನ್ನು ಹತ್ತುವುದರಲ್ಲಿ ಅರ್ಥವಿಲ್ಲ.

ಆ ಪುಟದಲ್ಲಿ ಕಾಣದವರ ಮೇಲ್ ತೆರೆದರೆ ಕಳುಹಿಸಿದವರ ಹೆಸರಿನ ಪಕ್ಕದಲ್ಲೇ ಅನ್‌ಸಬ್‌ಸ್ಕ್ರೈಬ್ ಎಂಬ ಪದ ಇರಬಹುದು. ಫೋನಿನಲ್ಲಾದರೆ ಬಲಮೇಲ್ತುದಿಯ ಮೂರು ಚುಕ್ಕಿಗಳ ಒಳಗೆ ಇರುತ್ತದೆ. ಇದು ಜಿಮೇಲ್ ತಾನೇ ಇಟ್ಟ ಗುಂಡಿ. ಮೇಲ್ ಕಳುಹಿಸುವವರು ಕಣ್ಣಿಗೆ ಕಾಣದ ತಲೆಬರಹದಲ್ಲಿ, ಚಂದಾ ಬಿಡಲು ಇಲ್ಲಿಗೆ ತಿಳಿಸಿ ಎಂದು ಬರೆಯುವ ಪದ್ಧತಿ 1998ರಿಂದಲೂ ಇದೆ. ಒಂದೇ ಒತ್ತಿಗೆ ಕೆಲಸ ಮುಗಿಯುವ ಕ್ರಮ ರೂಪುಗೊಂಡದ್ದು 2017ರಲ್ಲಿ. ಆದರೂ ಅನೇಕ ಕಂಪನಿಗಳು ಅದನ್ನು ಪಾಲಿಸುತ್ತಿರಲಿಲ್ಲ. ಪ್ರತಿದಿನ 5,000ಕ್ಕಿಂತ ಹೆಚ್ಚು ಮೇಲ್ ಕಳುಹಿಸುವವರು ಪ್ರಚಾರದ ಮೇಲ್‌ಗಳಲ್ಲಿ ಒಂದೇ ಒತ್ತಿನ ಸೌಲಭ್ಯ ಕೊಡಬೇಕು, ವಿನಂತಿಯನ್ನು ಎರಡು ದಿನಗಳೊಳಗೆ ನೆರವೇರಿಸಬೇಕು ಎಂದು ಗೂಗಲ್ 2024ರಲ್ಲಿ ಕಟ್ಟುನಿಟ್ಟು ಮಾಡಿತು. ಯಾಹೂ ಕೂಡ ಇಂಥದೇ ನಿಯಮ ತಂದಿತು. ಆ ಬಳಿಕ ಪರಿಸ್ಥಿತಿ ಬಹಳ ಸುಧಾರಿಸಿದೆ. ಆದ್ದರಿಂದ ಗುಂಡಿ ಒತ್ತಿದ ಮರುದಿನವೇ ಇನ್ನೊಂದು ಮೇಲ್ ಬಂದರೆ ಸಿಟ್ಟಾಗದೆ ಎರಡು ಮೂರು ದಿನ ಕಾಯಬೇಕು.

ಆ ಗುಂಡಿ ಇಲ್ಲದಿದ್ದಾಗ, ಕಳುಹಿಸಿದವರು ಪರಿಚಿತ ಸಂಸ್ಥೆಯವರೇ ಎಂದು ಖಾತ್ರಿಯಿದ್ದರೆ ಮಾತ್ರ, ಮೇಲ್‌ನ ತಳಕ್ಕೆ ಹೋಗಬೇಕು. ಅಲ್ಲಿ ಬಿಳಿಯ ಹಿನ್ನೆಲೆಯ ಮೇಲೆ ತೆಳು ಬೂದು ಬಣ್ಣದಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಕಾಣುವಷ್ಟು ಸಣ್ಣ ಅಕ್ಷರಗಳಲ್ಲಿ, ಕಂಪನಿಯ ಅಂಚೆ ವಿಳಾಸಕ್ಕೂ ಕಾನೂನಿನ ಸಾಲುಗಳಿಗೂ ನಡುವೆ ಲಿಂಕ್ ಅಡಗಿರುತ್ತದೆ. ಒತ್ತಿದ ಮೇಲೆ ತೆರೆಯುವ ಪುಟವನ್ನು ನಿಧಾನವಾಗಿ ಓದಬೇಕು. "ನೀವು ಹೋಗುತ್ತಿರುವುದು ನಮಗೆ ಬೇಸರ" ಎಂಬ ಮಾತಿನ ಕೆಳಗೆ, ಎದ್ದು ಕಾಣುವ ಬಣ್ಣದ ದೊಡ್ಡ ಗುಂಡಿಯಲ್ಲಿ ಉಳಿಯುತ್ತೇನೆ ಎಂದೂ, ಅದರ ಅಡಿಯಲ್ಲಿ ಬರೀ ಅಕ್ಷರಗಳಲ್ಲಿ ಬಿಡುತ್ತೇನೆ ಎಂದೂ ಇರುತ್ತದೆ; ಅವಸರದಲ್ಲಿ ಬೆರಳು ದೊಡ್ಡದರ ಮೇಲೆಯೇ ಹೋಗಲಿ ಎಂಬುದೇ ಆ ವಿನ್ಯಾಸದ ಉದ್ದೇಶ. ಇನ್ನು ಕೆಲವೆಡೆ ಕೊಡುಗೆಗಳು, ಹೊಸ ಸರಕು, ಸಮೀಕ್ಷೆ, ಪಾಲುದಾರರ ಸಂದೇಶ ಎಂದು ಐದಾರು ಚೌಕಗಳಿದ್ದು, ಟಿಕ್ ಇದ್ದರೆ ಬೇಕು ಎಂದರ್ಥವೋ ಬೇಡ ಎಂದರ್ಥವೋ ತಿಳಿಯದಂತೆ ವಾಕ್ಯ ರಚಿಸಿರುತ್ತಾರೆ. ವಾಕ್ಯವನ್ನು ಎರಡು ಸಲ ಓದಿ, ಕೊನೆಗೆ ಸೇವ್ ಅಥವಾ ಕನ್‌ಫರ್ಮ್ ಒತ್ತುವುದನ್ನು ಮರೆಯಬಾರದು. ಅರ್ಧಕ್ಕೇ ಪುಟ ಮುಚ್ಚಿದರೆ ಕೆಲಸ ಆಗಿರುವುದಿಲ್ಲ. ಚಂದಾ ಬಿಡಲು ಮೇಲ್ ವಿಳಾಸವನ್ನು ಕೇಳುವುದು ಸಹಜ. ಪಾಸ್‌ವರ್ಡ್, ಓಟಿಪಿ, ಕಾರ್ಡ್ ಸಂಖ್ಯೆ ಕೇಳಿದರೆ ಮಾತ್ರ ತಕ್ಷಣ ಪುಟ ಮುಚ್ಚಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಮೇಲೆ ಹೇಳಿದಂತಹ ಪುಟಗಳು ಈ ತತ್ವಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ನೌಕರಿ ಹುಡುಕುವ ಜಾಲತಾಣಗಳು ಮತ್ತು ಲಿಂಕ್ಡ್‌ಇನ್, ಫೇಸ್‌ಬುಕ್‌ನಂತಹವುಗಳ ವಿಷಯದಲ್ಲಿ ಬೇರೆ ಕ್ರಮ ಬೇಕು. ಇವು ಒಂದೇ ಹೆಸರಿನಿಂದ ಹತ್ತು ಬಗೆಯ ಮೇಲ್ ಕಳುಹಿಸುವುದರಿಂದ, ಒಂದನ್ನು ಬಿಟ್ಟರೆ ಉಳಿದ ಒಂಬತ್ತು ಬರುತ್ತಲೇ ಇರುತ್ತವೆ. ಆ ಖಾತೆಯೊಳಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ವಿಭಾಗ ತೆರೆದು, ಇ-ಮೇಲ್ ಎಂಬ ಸಾಲನ್ನು ಒಂದೊಂದಾಗಿ ಆಫ್ ಮಾಡಬೇಕು. ಕೆಲಸ ಹುಡುಕುತ್ತಿರುವವರು ಪೂರ್ತಿ ಆಫ್ ಮಾಡದೆ, ದಿನಾಲೂ ಬರುವ ಜಾಬ್ ಅಲರ್ಟನ್ನು ವಾರಕ್ಕೊಮ್ಮೆಗೆ ಇಳಿಸಿಕೊಂಡು, ಊರಿನ ಜಾಗದಲ್ಲಿ ಬೆಳಗಾವಿ, ಹುಬ್ಬಳ್ಳಿ ಎಂದು ತಮಗೆ ಬೇಕಾದ್ದನ್ನಷ್ಟೇ ಉಳಿಸಿಕೊಂಡರೆ ಬರುವ ಮೇಲ್ ಓದುವ ಹಾಗಿರುತ್ತದೆ.

ಒಂದು ಎಚ್ಚರಿಕೆ. ಬೇಜಾರಿನಿಂದ ಬ್ಯಾಂಕಿನ ಸಾಲದ ಜಾಹೀರಾತನ್ನು ಸ್ಪ್ಯಾಮ್ ಎಂದು ಗುರುತಿಸುವ ಅಭ್ಯಾಸ ಒಳ್ಳೆಯದಲ್ಲ. ಅದೇ ಬ್ಯಾಂಕಿನ ಸ್ಟೇಟ್‌ಮೆಂಟ್ ಕೂಡ ಮುಂದೆ ಸ್ಪ್ಯಾಮ್‌ಗೆ ಹೋಗಬಹುದು. ಪರಿಚಿತ ಸಂಸ್ಥೆಗೆ ಅನ್‌ಸಬ್‌ಸ್ಕ್ರೈಬ್, ಅಪರಿಚಿತರಿಗೆ ಸ್ಪ್ಯಾಮ್. ಎಷ್ಟು ಸಲ ಬಿಟ್ಟರೂ ಕೇಳದ ಅಂಗಡಿಯವರಿಗೆ ಬ್ಲಾಕ್. ಬ್ಲಾಕ್ ಮಾಡಿದವರ ಮುಂದಿನ ಮೇಲ್‌ಗಳು ನೇರವಾಗಿ ಸ್ಪ್ಯಾಮ್‌ಗೆ ಹೋಗುತ್ತವೆ.

ಹಳೆಯ ರಾಶಿಯನ್ನು ತೆಗೆಯುವುದು

ಈ ಕೆಲಸಕ್ಕೆ ಫೋನು ಸಾಲದು. ಕಂಪ್ಯೂಟರಿನಲ್ಲಿ ಬ್ರೌಸರ್ ಮೂಲಕ ಜಿಮೇಲ್ ತೆರೆದು, ಇನ್‌ಬಾಕ್ಸಿನ ಮೇಲ್ಭಾಗದಲ್ಲಿರುವ ಪ್ರಮೋಷನ್ಸ್ ವಿಭಾಗಕ್ಕೆ ಹೋಗಿ, ಎಡಮೇಲ್ತುದಿಯ ಚೌಕಕ್ಕೆ ಟಿಕ್ ಹಾಕಬೇಕು. ಮೊದಲಿಗೆ ಆ ಪುಟದ 50 ಮೇಲ್‌ಗಳಷ್ಟೇ ಆಯ್ಕೆಯಾಗುತ್ತವೆ. ಆಗ ಪಟ್ಟಿಯ ಮೇಲೆ, ಈ ವಿಭಾಗದ ಎಲ್ಲವನ್ನೂ ಆಯ್ಕೆ ಮಾಡುವುದೇ ಎಂದು ಕೇಳುವ ಸಣ್ಣ ಸಾಲೊಂದು ಮೂಡುತ್ತದೆ. ಬಹಳಷ್ಟು ಜನ ಈ ಸಾಲನ್ನು ನೋಡದೆ 50, 50ರಂತೆ ಅಳಿಸುತ್ತ ಸಂಜೆ ಮಾಡುತ್ತಾರೆ. ಅದನ್ನು ಒತ್ತಿ ಕಸದ ಬುಟ್ಟಿಯ ಚಿಹ್ನೆ ಒತ್ತಿದರೆ ಸಾವಿರಾರು ಮೇಲ್‌ಗಳು ಒಮ್ಮೆಗೇ ಹೋಗುತ್ತವೆ.

ಆದರೆ ಅದಕ್ಕೂ ಮುಂಚೆ ಪ್ರಮೋಷನ್ಸ್ ವಿಭಾಗದ ಮೇಲೆ ಒಮ್ಮೆ ಕಣ್ಣಾಡಿಸುವುದು ಅಗತ್ಯ. ಜಿಮೇಲ್ ಮಾಡುವ ವಿಂಗಡಣೆ ಯಾವಾಗಲೂ ಸರಿಯಿರುವುದಿಲ್ಲ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರಿಗೆ ರೇಷ್ಮೆ ನೂಲಿನವರು ಕಳುಹಿಸುವ ದರಪಟ್ಟಿಯೂ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗೆ ಹೊರರಾಜ್ಯದ ಖರೀದಿದಾರ ಕಳುಹಿಸುವ ವಿಚಾರಣೆಯೂ, ಅದರಲ್ಲಿ ಬೆಲೆ, ಆಫರ್ ಎಂಬ ಪದಗಳು, ಚಿತ್ರಗಳು ಇದ್ದ ಮಾತ್ರಕ್ಕೆ ಜಾಹೀರಾತುಗಳ ಜೊತೆ ಸೇರಿಬಿಡಬಹುದು. ಅಂಥ ಮೇಲನ್ನು ಮೌಸಿನಿಂದ ಹಿಡಿದು ಪ್ರೈಮರಿ ವಿಭಾಗದ ಮೇಲೆ ಎಳೆದು ಬಿಟ್ಟರೆ, ಇನ್ನು ಮುಂದೆ ಇವರ ಮೇಲ್‌ಗಳನ್ನು ಇಲ್ಲಿಯೇ ಇಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಹೌದು ಎಂದರೆ ಆ ತೊಂದರೆ ಅಲ್ಲಿಗೆ ಮುಗಿಯುತ್ತದೆ. ಅಳಿಸಿದ್ದು ಬುಟ್ಟಿಯಲ್ಲಿ 30 ದಿನ ಇರುವುದರಿಂದ ತಪ್ಪಿ ಹೋದದ್ದನ್ನು ಅಷ್ಟರೊಳಗೆ ಹಿಂದಕ್ಕೆ ತರಬಹುದು.

ಜಾಗದ ಮಾತು. "ಸ್ಟೋರೇಜ್ ತುಂಬಿದೆ" ಎಂಬ ಕೆಂಪು ಪಟ್ಟಿ ಕಂಡಾಗ ಎಲ್ಲರೂ ಮೇಲ್‌ಗಳ ಮೇಲೆ ಬೀಳುತ್ತಾರೆ. ಗೂಗಲ್ ಪುಕ್ಕಟೆಯಾಗಿ ಕೊಡುವ 15 ಜಿಬಿಯನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ 2024ರಿಂದ ಇದೇ ಲೆಕ್ಕಕ್ಕೆ ಸೇರಿದೆ. ಜಾಹೀರಾತಿನ ಮೇಲ್ ತೂಕದಲ್ಲಿ ಬಲು ಹಗುರ. ಮದುವೆ, ಜಾತ್ರೆಗಳ ವಿಡಿಯೋಗಳೇ ಜಾಗ ನುಂಗಿರುವುದು ಹೆಚ್ಚು. ಮೇಲ್‌ಗಳಲ್ಲೇ ಜಾಗ ಮಾಡಬೇಕೆಂದಿದ್ದರೆ, ಹುಡುಕುವ ಪೆಟ್ಟಿಗೆಯ ಬಲತುದಿಯ ಚಿಹ್ನೆ ಒತ್ತಿ, ತೆರೆಯುವ ಅರ್ಜಿಯಲ್ಲಿ ಸೈಜ್ ಎಂಬಲ್ಲಿ 10 ಎಂಬಿಗಿಂತ ಹೆಚ್ಚು ಎಂದು ಕೊಟ್ಟು ಹುಡುಕಿದರೆ ದಪ್ಪ ಕಡತಗಳಿರುವ ಮೇಲ್‌ಗಳಷ್ಟೇ ಸಿಗುತ್ತವೆ. ಅಳಿಸಿದ ಮೇಲೆ ಬುಟ್ಟಿಯನ್ನೂ ಖಾಲಿ ಮಾಡಿದರೆ ಮಾತ್ರ ಜಾಗ ಬಿಡುಗಡೆಯಾಗುತ್ತದೆ. 15 ಜಿಬಿ ಪೂರ್ತಿ ತುಂಬಿದರೆ ಹೊಸ ಮೇಲ್ ಬರುವುದೇ ನಿಂತುಹೋಗುವುದರಿಂದ ಇದನ್ನು ಮುಂದಕ್ಕೆ ಹಾಕುತ್ತ ಹೋಗಬಾರದು.

ಬೇಕಾದದ್ದಕ್ಕೆ ಫಿಲ್ಟರ್

ಹೆಚ್ಚಿನವರು ಫಿಲ್ಟರನ್ನು, ಅಂದರೆ ಬರುವ ಮೇಲ್‌ಗೆ ಏನು ಮಾಡಬೇಕೆಂದು ಮೊದಲೇ ಬರೆದಿಡುವ ನಿಯಮವನ್ನು, ಬೇಡದ್ದನ್ನು ತಡೆಯುವ ಸಾಧನವೆಂದು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದರ ಒಳ್ಳೆಯ ಉಪಯೋಗವಿರುವುದು ಬೇಕಾದ್ದನ್ನು ಎತ್ತಿ ತೋರಿಸುವುದರಲ್ಲಿ. ಮೇಲೆ ಹೇಳಿದ, ಹುಡುಕುವ ಪೆಟ್ಟಿಗೆಯಿಂದ ತೆರೆಯುವ ಅದೇ ಅರ್ಜಿಯಲ್ಲಿ ಫ್ರಮ್ ಎಂಬಲ್ಲಿ ನಿಮ್ಮ ಬ್ಯಾಂಕು, ವಿಶ್ವವಿದ್ಯಾಲಯ ಅಥವಾ ತೆರಿಗೆ ಇಲಾಖೆಯ ವಿಳಾಸವನ್ನು, ಹಿಂದೆ ಬಂದ ನಿಜವಾದ ಮೇಲ್‌ನಿಂದ ನಕಲು ಮಾಡಿ ತುಂಬಬೇಕು. ಆ್ಯಟ್ ಚಿಹ್ನೆಯ ಬಲಗಡೆಯ ಭಾಗವನ್ನಷ್ಟೇ ಕೊಟ್ಟರೆ ಆ ಸಂಸ್ಥೆಯ ಎಲ್ಲ ವಿಳಾಸಗಳೂ ಸೇರುತ್ತವೆ. ಬ್ಯಾಂಕಿನ ಜಾಹೀರಾತು ಅದರಲ್ಲಿ ನುಸುಳದಿರಲಿ ಎಂದರೆ ಸಬ್ಜೆಕ್ಟ್ ಎಂಬಲ್ಲಿ ಸ್ಟೇಟ್‌ಮೆಂಟ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಬಹುದು. ಕ್ರಿಯೇಟ್ ಫಿಲ್ಟರ್ ಒತ್ತಿದ ಮೇಲೆ ಬರುವ ಪಟ್ಟಿಯಲ್ಲಿ ಸ್ಪ್ಯಾಮ್‌ಗೆ ಎಂದಿಗೂ ಕಳುಹಿಸಬೇಡ, ನಕ್ಷತ್ರ ಹಾಕು, ಲೇಬಲ್ ಹಚ್ಚು ಎಂಬ ಮೂರಕ್ಕೆ ಟಿಕ್ ಹಾಕಿ, ಹಳೆಯ ಮೇಲ್‌ಗಳಿಗೂ ಅನ್ವಯಿಸು ಎಂಬ ಚೌಕವನ್ನೂ ಗುರುತಿಸಿ ಮುಗಿಸಬೇಕು. ಲೇಬಲ್‌ಗಳು ಬ್ಯಾಂಕ್, ಪರೀಕ್ಷೆ, ತೆರಿಗೆ, ವ್ಯಾಪಾರ ಎಂದು ನಾಲ್ಕೈದಕ್ಕೆ ನಿಂತರೆ ಒಳ್ಳೆಯದು; ಇಪ್ಪತ್ತು ಮಾಡಿದವರು ಯಾವುದನ್ನೂ ತೆರೆದು ನೋಡುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಫಿಲ್ಟರ್ ರಚಿಸಲು ಬಾರದು. ಆದರೆ ಕಂಪ್ಯೂಟರಿನಲ್ಲಿ ಒಮ್ಮೆ ರಚಿಸಿದ್ದು ಫೋನಿನಲ್ಲೂ ಕೆಲಸ ಮಾಡುತ್ತದೆ. ಜೊತೆಗೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ನನ್ನು ಹೈ ಪ್ರಯಾರಿಟಿಗೆ ಇಳಿಸಿಕೊಂಡರೆ ಪ್ರತಿ ಜಾಹೀರಾತಿಗೂ ಫೋನು ಕೂಗುವುದು ನಿಲ್ಲುತ್ತದೆ.

ವಿಳಾಸದ ವಿಷಯ

ನಮ್ಮ ಜಿಲ್ಲೆಗಳಲ್ಲಿ ಕಾಣುವ ಎರಡು ತೊಡಕುಗಳಿಗೆ ಮೇಲಿನ ಯಾವ ಉಪಾಯವೂ ನಾಟುವುದಿಲ್ಲ. ಒಂದು, ಅರ್ಜಿ ತುಂಬುವಾಗ "ನಿಮ್ಮದ ಹಾಕ್ರೀ" ಎಂದು ಸೆಂಟರ್‌ನವರ ಇ-ಮೇಲನ್ನೇ ಕೊಟ್ಟುಬಿಡುವುದು. ಹಾಗೆ ಮಾಡಿದವರ ಪಾಸ್‌ವರ್ಡ್ ಬದಲಾವಣೆಯ ಲಿಂಕ್‌ನಿಂದ ಹಿಡಿದು ಆಯ್ಕೆಪಟ್ಟಿಯ ಸೂಚನೆಯವರೆಗೆ ಎಲ್ಲವೂ ಬೇರೊಬ್ಬರ ಇನ್‌ಬಾಕ್ಸಿಗೆ, ಅದೂ ನೂರಾರು ಜನರ ಮೇಲ್‌ಗಳ ನಡುವೆ ಹೋಗುತ್ತದೆ. ಸ್ವಂತ ವಿಳಾಸ ಕೊಡಬೇಕು. ಈಗಾಗಲೇ ತಪ್ಪಾಗಿದ್ದರೆ ಆಯಾ ಜಾಲತಾಣದ ಪ್ರೊಫೈಲ್‌ನಲ್ಲಿ ಬದಲಾಯಿಸಿಕೊಳ್ಳಬೇಕು.

ಇನ್ನೊಂದು, ಹೆಸರು ಒಂದೇ ಆಗಿರುವುದು. ಪಾಟೀಲ, ಹಿರೇಮಠ, ಬಡಿಗೇರ ಎಂಬ ಅಡ್ಡಹೆಸರಿನವರು ಇಲ್ಲಿ ಊರಿಗೆಷ್ಟೋ. ಅವರಲ್ಲೊಬ್ಬರು ತಮ್ಮದೆಂದು ತಿಳಿದು ನಿಮ್ಮ ವಿಳಾಸವನ್ನು ಎಲ್ಲೋ ಬರೆಸಿದರೆ, ಅವರ ಟ್ರ್ಯಾಕ್ಟರ್ ಸಾಲದ ಕಂತಿನ ನೆನಪೋಲೆ ತಿಂಗಳು ತಿಂಗಳು ನಿಮಗೆ ಬರುತ್ತದೆ. ಹೆಸರಿನ ನಡುವೆ ಚುಕ್ಕಿ ಹಾಕಿದ್ದರಿಂದ ತಮ್ಮ ವಿಳಾಸ ಬೇರೆ ಎಂದು ಅವರು ನಂಬಿರುತ್ತಾರೆ. ಜಿಮೇಲ್ ಮಾತ್ರ ಚುಕ್ಕಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; ಚುಕ್ಕಿ ಇದ್ದದ್ದೂ ಇಲ್ಲದ್ದೂ ಒಂದೇ ಖಾತೆ. ಇದು ವ್ಯವಹಾರದ ಮೇಲ್ ಆದ್ದರಿಂದ ಅನ್‌ಸಬ್‌ಸ್ಕ್ರೈಬ್ ಇರುವುದಿಲ್ಲ. ಒಳಗಿನ ಕಡತಗಳನ್ನು ತೆರೆಯಲು ಹೋಗದೆ, ಆ ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ಗ್ರಾಹಕ ಸೇವೆಗೆ, ಈ ವಿಳಾಸ ನಿಮ್ಮ ಗ್ರಾಹಕರದ್ದಲ್ಲ ಎಂದು ಬರೆದು ತಿಳಿಸಬೇಕು. ಅದಾಗುವವರೆಗೆ ಫಿಲ್ಟರ್ ಹಾಕಿ ಇನ್‌ಬಾಕ್ಸಿನಿಂದ ಬದಿಗೆ ಸರಿಸಬಹುದು.

ಇನ್ನು ಮುಂದೆ ಜಾಹೀರಾತುಗಳು ಸೇರದಂತೆ ಮಾಡಲು ಎರಡು ವಿಳಾಸ ಇಟ್ಟುಕೊಳ್ಳುವುದು ನಾನು ಎಲ್ಲರಿಗೂ ಹೇಳುವ ಉಪಾಯ. ಮೊದಲನೆಯದನ್ನು ಬ್ಯಾಂಕು, ಸರ್ಕಾರ, ಪರೀಕ್ಷೆ, ಉದ್ಯೋಗಗಳಿಗಷ್ಟೇ ಮೀಸಲಿಟ್ಟು, ಅಂಗಡಿಗಳಿಗೂ ಆ್ಯಪ್‌ಗಳಿಗೂ ಎರಡನೆಯದನ್ನು ಕೊಡಬೇಕು. ಎರಡೂ ಒಂದೇ ಜಿಮೇಲ್ ಆ್ಯಪ್‌ನಲ್ಲಿ ಇರಬಹುದು. ಎರಡು ಖಾತೆ ತಲೆನೋವು ಎನ್ನುವವರು, ಆ್ಯಟ್ ಚಿಹ್ನೆಗೆ ಮುಂಚೆ ಪ್ಲಸ್ ಚಿಹ್ನೆ ಹಾಕಿ ಅಂಗಡಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ ವಿಳಾಸ ಕೊಡಬಹುದು. ಮೇಲ್ ನಿಮಗೇ ಬರುತ್ತದೆ, ಆದರೆ ಯಾರಿಗೆ ಕೊಟ್ಟ ವಿಳಾಸ ಯಾರ ಕೈಗೆ ಹೋಯಿತು ಎಂಬುದು ಆ ಬಾಲದಿಂದ ತಿಳಿಯುತ್ತದೆ. ಕೆಲವು ಜಾಲತಾಣಗಳು ಪ್ಲಸ್ ಚಿಹ್ನೆಯನ್ನು ಒಪ್ಪುವುದಿಲ್ಲ.

ಎರಡನೆಯ ಖಾತೆಯನ್ನು ತೆರೆದು ಮರೆತುಬಿಡುವಂತಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಅಳಿಸಿಹಾಕುವ ನೀತಿ ಗೂಗಲ್‌ನದು. ಯಾವುದಾದರೂ ಆ್ಯಪ್‌ನ ಓಟಿಪಿ ಅಥವಾ ಪಾಸ್‌ವರ್ಡ್ ಮರಳಿ ಪಡೆಯುವ ವಿಳಾಸವಾಗಿ ಅದನ್ನು ಕೊಟ್ಟಿದ್ದರೆ, ಆಗಾಗ ಅದರೊಳಗೆ ಲಾಗಿನ್ ಆಗಿ ಒಂದು ಮೇಲ್ ತೆರೆದು ನೋಡಬೇಕು, ಮತ್ತು ಅದರ ರಿಕವರಿ ಫೋನ್ ಸಂಖ್ಯೆ ಈಗ ನಿಮ್ಮ ಕೈಯಲ್ಲಿರುವ ಸಿಮ್‌ನದೇ ಎಂಬುದನ್ನು ಖಾತ್ರಿ ಮಾಡಿಕೊಳ್ಳಬೇಕು.